ಅಬೈಡಪ್ಪನವರಿಗೆ ಬರೆದುಕೊಟ್ಟ ಒಂದು ವಾಕ್ಯ

ತನ್ನದೇ ಮನೆಯ ಮೆಟ್ಟಿಲ ಮೇಲೆ, ತನ್ನದೇ ತರಗತಿಯ ಬಾಗಿಲಾಚೆ, ತಾನೇ ಮಾಡಿದ ನಿಯಮಕ್ಕೆ ಸಿಕ್ಕಿಕೊಂಡು ಒಂದು ಗಂಟೆ ಕಾಲ ಕೂತಿದ್ದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಪೂರ್ತಿ ನೋಡಿದೆ ಅನ್ನಲಾರೆ. ಕಿಟಕಿಯ ಗ್ರಿಲ್ಲಿನ ಸಂದಿಯಿಂದ ಕಂಡಿದ್ದು ಅರ್ಧ ಬೋಳುತಲೆ, ಒಂದು ಕಿವಿ, ತೊಡೆಯ ಮೇಲಿದ್ದ ಕೈಚೀಲದ ಹಿಡಿ, ಅಷ್ಟೆ.

ಶಿವನಂಜಪ್ಪ ಸಾರ್ ವಿಜಯನಗರದಲ್ಲಿ, ಹಿಟ್ಟಿನ ಮಿಲ್ಲಿನ ಪಕ್ಕದ ತಮ್ಮ ಮನೆಯ ಟೆರೇಸಿನ ಶೀಟ್ ರೂಮಿನಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಆರೂವರೆಗೆ ಬಾಗಿಲು ಹಾಕಬೇಕು, ಆಮೇಲೆ ಬಂದವರು ಹೊರಗೇ ಇರಬೇಕು. ಇದು ಅವರ ನಿಯಮ. ಆ ದಿನ ಕೆಂಗೇರಿಯಲ್ಲಿ ನೆಂಟರೊಬ್ಬರನ್ನು ನೋಡಿಕೊಂಡು ಬರುವಾಗ ಮೈಸೂರು ರಸ್ತೆಯಲ್ಲಿ ಅವರ ಬಸ್ಸು ನಿಂತುಬಿಟ್ಟಿತ್ತು. ಬಾಗಿಲು ಹಾಕುವ ಜವಾಬ್ದಾರಿ ಲಗ್ಗೆರೆಯ ಸವಿತಕ್ಕನದು. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದ ಸವಿತಕ್ಕ ಗಡಿಯಾರ ನೋಡಿ ಸರಿಯಾಗಿ ಚಿಲಕ ಹಾಕಿದಳು. ನಾಲ್ಕು ನಿಮಿಷದ ಮೇಲೆ ಮೆಟ್ಟಿಲು ಹತ್ತುವ ಸದ್ದು, ಚಪ್ಪಲಿ ಬಿಡುವ ಸದ್ದು ಕೇಳಿತು. ಸವಿತಕ್ಕ ಎದ್ದು ಚಿಲಕಕ್ಕೆ ಕೈ ಹಾಕಿದಳು.

“ಸವಿತಾ, ಕೂತ್ಕೊಳಮ್ಮ,” ಎಂದಿತು ಹೊರಗಿನ ಧ್ವನಿ. “ಆರು ಮೂವತ್ನಾಲ್ಕು ಈಗ.”

“ಸಾರ್, ಮೇಷ್ಟ್ರೇ ನೀವು ಸಾರ್.”

“ಅದಕ್ಕೇ ಹೇಳ್ತಿರೋದು.”

ಅಷ್ಟು ಹೇಳಿ ಮೇಲಿನ ಮೆಟ್ಟಿಲ ಮೇಲೆ ಕೂತರು. ಒಳಗೆ ಹನ್ನೊಂದು ಜನ, ಒಂದು ಬೋರ್ಡು, ಒಂದು ಖಾಲಿ ಕುರ್ಚಿ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಆಹ್ವಾನ ಪತ್ರಿಕೆ ಬೇಕೆ? ಎದ್ದು ಹೋಗಿ ಕುರ್ಚಿಯಲ್ಲಿ ಕೂತೆ. ವಾಚಿನ ಮುಖವನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿಕೊಂಡೆ, ಏಕೆಂದರೆ ಸಾರ್ ಹಾಗೆ ಕಟ್ಟುತ್ತಿದ್ದರು. ಪೆನ್ನಿನ ಕ್ಯಾಪನ್ನು ಹಲ್ಲಲ್ಲಿ ಕಚ್ಚಿದೆ, ಏಕೆಂದರೆ ಸಾರ್ ಹಾಗೆ ಕಚ್ಚುತ್ತಿದ್ದರು. ವಾಚು ನೋಡಿದೆ, “ನೋಡಪ್ಪ” ಅಂದೆ, ಪಾಠ ಶುರು ಮಾಡಿದೆ. ಒಂದು ಗಂಟೆ ಅವರ ಧ್ವನಿಯಲ್ಲಿ ಪಾಠ ನಡೆಯಿತು. ನಗುವಿಗೆ ಶೀಟೆಲ್ಲ ಗಡಗಡ ಅನ್ನುತ್ತಿತ್ತು. ಆಚೆಗಿನ ಅರ್ಧ ಬೋಳುತಲೆ ಒಂದಿಷ್ಟೂ ಅಲುಗಲಿಲ್ಲ.

ಏಳೂವರೆಗೆ ಬಾಗಿಲು ಬಡಿದು, ಕ್ಲಾಸ್ ಮುಗೀತು ಏಳಿ ಅಂದರು. ನಾನು ತಲೆ ತಗ್ಗಿಸಿಕೊಂಡು ಅವರ ಪಕ್ಕದಲ್ಲೇ ನುಸುಳಿ ಇಳಿಯುವಾಗ ಮೆಲ್ಲಗೆ ಹೇಳಿದರು: “ಅಡ್ಹಿಯರ್ ಅನ್ನೋ ಪದಕ್ಕೆ ನೀನು ಕೊಟ್ಟ ಉದಾಹರಣೆ ಸರಿ ಇಲ್ಲ. ಮಿಕ್ಕಿದ್ದು ಪರವಾಗಿಲ್ಲ.”

ಈ ಬರಹದಲ್ಲಿ ಅವರ ಮಾತುಗಳಿವೆ, ಧ್ವನಿಯಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ನೀವು ನಿಮ್ಮ ನಿಮ್ಮ ಧ್ವನಿಯಲ್ಲೇ ಓದಿಕೊಂಡಿರಿ.

ಸಾರ್ ಮೇಷ್ಟ್ರಾಗಿ ನಿವೃತ್ತರಾದವರಲ್ಲ. ಮೂವತ್ತು ವರ್ಷ ಬಸ್ ಸ್ಟ್ಯಾಂಡುಗಳಲ್ಲಿ ನಿಂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಬರೆದುಕೊಂಡು ಸೀಟಿ ಊದುತ್ತಿದ್ದವರು. ಅವರ ಇಂಗ್ಲಿಷ್ ಬಂದಿದ್ದು ಕಥೆ ಪುಸ್ತಕಗಳಿಂದಲ್ಲ, ಇಲಾಖೆಯ ಸುತ್ತೋಲೆಗಳಿಂದ. ಹೀಗಾಗಿ ಅವರಿಗೆ ಪ್ರೀತಿಯ ಇಂಗ್ಲಿಷ್ ಬರುತ್ತಿರಲಿಲ್ಲ, ಹವಾಮಾನದ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ನಿಯಮ ಪಾಲಿಸುವುದಕ್ಕೆ, ಮಾತಿಗೆ ನಿಲ್ಲುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಕ್ರಿಯಾಪದಗಳಿವೆಯೋ ಅಷ್ಟೂ ಅವರ ಜೇಬಿನಲ್ಲಿದ್ದವು. ಒಂದು ತಿಂಗಳು ಅವನ್ನೇ ಪಾಠ ಮಾಡುತ್ತಿದ್ದರು. ನಮಗೆ ಬೇಕಾಗಿದ್ದು ಇಂಟರ್‌ವ್ಯೂನಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಅಂದಾಗ ಬಾಯಿ ಬಿಡುವಷ್ಟು ಇಂಗ್ಲಿಷ್. ಅವರು ಕೊಡುತ್ತಿದ್ದುದು ಅಬೈಡ್ ಬೈ. ಅದಕ್ಕೇ ಅವರಿಗೆ ಅಬೈಡಪ್ಪ ಅಂತ ನಾನೇ ಹೆಸರಿಟ್ಟೆ. ಹೆಸರು ಒಂದೇ ವಾರದಲ್ಲಿ ಮಿಲ್ಲಿನ ಪುಟ್ಟರಾಜಣ್ಣನವರೆಗೂ ಮುಟ್ಟಿತು.

ಅವರ ವಿವರಣೆಗಳನ್ನು ಮಾತ್ರ ಇವತ್ತಿಗೂ ಮರೆಯಲಾಗಿಲ್ಲ.

“ನೋಡಪ್ಪ, ಒಬೇ ಅಂದ್ರೆ ಹೇಳ್ದೋರು ಎದುರಿಗೇ ನಿಂತಿರ್ತಾರೆ. ಅಮ್ಮ ಸ್ನಾನ ಮಾಡು ಅಂದ್ಲು, ಮಾಡ್ದೆ. ಕಂಪ್ಲೈ ಅಂದ್ರೆ ಮೇಲಿಂದ ಕಾಗದ ಬಂದಿರುತ್ತೆ. ಮನಸ್ಸಿಲ್ಲ, ಆದ್ರೂ ಸೈನ್ ಹಾಕ್ತೀಯ. ಅಡ್ಹಿಯರ್ ಅಂದ್ರೆ ಹತ್ತು ಗಂಟೆ ಬಸ್ಸು ಹತ್ತಕ್ಕೇ ಹೊರಡೋದು, ಒಳಗೆ ಒಂದು ನರಪಿಳ್ಳೆ ಇಲ್ದಿದ್ರೂ. ಸ್ಟಿಕ್ ಟು ಅಂದ್ರೆ ಪಕ್ಕದ ರೋಡು ಖಾಲಿ ಇದೆ ಅಂತ ಗೊತ್ತಿದ್ರೂ ಡ್ರೈವರ್ರು ತನ್ನ ರೂಟಲ್ಲೇ ಹೋಗೋದು. ಯಾಕೆ? ಆ ಸ್ಟಾಪಲ್ಲಿ ಯಾರೋ ಒಬ್ರು ಕಾಯ್ತಿರ್ತಾರೆ.”

ಇಲ್ಲಿ ವಾಚು ನೋಡುತ್ತಿದ್ದರು.

“ಅಬೈಡ್ ಬೈ ಅಂದ್ರೆ ತೀರ್ಪು ನಿನ್ನ ವಿರುದ್ಧ ಬಂದಿದೆ. ಆದ್ರೂ ನೀನು ಎದ್ದು ಹೋಗಲ್ಲ. ಅಲ್ಲೇ ಕೂತಿರ್ತೀಯ.”

“ಮತ್ತೆ ಕೀಪ್ ಸಾರ್?” ಅಂತ ಸವಿತಕ್ಕ ಕೇಳಿದರೆ, ಅದು ಕೈಗೂಸಿನ ಥರ, ನೋಡೋಕೆ ಚಿಕ್ಕದು, ಆದರೆ ಕೆಳಗಿಡೋ ಹಾಗಿಲ್ಲ ಅನ್ನುತ್ತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಕಾಟ ಇದ್ದಿದ್ದು ಅಭ್ಯಾಸದ ವಾಕ್ಯಗಳಲ್ಲಿ. ಬೇರೆ ಕಡೆ ಮೇಷ್ಟ್ರು ಒಂದು ಪದ ಕೊಟ್ಟು ವಾಕ್ಯ ಬರೆಯಿರಿ ಅನ್ನುತ್ತಾರೆ. ನಾವು ರಾಮ, ಸೀತೆ, ಮಾವಿನ ಹಣ್ಣು ಅಂತ ಏನೋ ಬರೆದು ಮನೆಗೆ ಹೋಗಿ ಮಲಗುತ್ತೇವೆ. ಇಲ್ಲಿ ಹಾಗಿಲ್ಲ. ಬರೆದ ವಾಕ್ಯವನ್ನು ಸಾರ್ ಉದ್ದನೆಯ ರಟ್ಟಿನ ಪುಸ್ತಕವೊಂದಕ್ಕೆ ಇಳಿಸಿಕೊಳ್ಳುತ್ತಿದ್ದರು. ಕೆಳಗೆ ತಾರೀಖು, ನಮ್ಮ ಸಹಿ. ಆಮೇಲೆ ಆ ವಾಕ್ಯದಂತೆ ನಾವು ಬದುಕಬೇಕು. ನಾವು ಉದಾಹರಣೆ ಅಂದುಕೊಂಡು ಬರೆದದ್ದನ್ನು ಅವರು ನಾವು ಕೊಟ್ಟ ಮಾತು ಅಂತಲೇ ತಿಳಿಯುತ್ತಿದ್ದರು. ಈ ತಪ್ಪು ಗ್ರಹಿಕೆ ಅವರ ತಲೆಯಿಂದ ಕೊನೆಯವರೆಗೂ ಇಳಿಯಲಿಲ್ಲ. ಇಳಿಸಲು ಹೋದವರೆಲ್ಲ ಸೋತರು.

ಸವಿತಕ್ಕ ಒಂದು ಸೋಮವಾರ ತಮಾಷೆಗೆ, ‘ಶುಕ್ರವಾರದವರೆಗೆ ನಾನು ನನ್ನ ಅತ್ತೆ ಹೇಳಿದಂತೆ ಕಂಪ್ಲೈ ಮಾಡುತ್ತೇನೆ’ ಎಂದು ಬರೆದಳು. ಸಾರ್ ನಗಲಿಲ್ಲ, ತಾರೀಖು ಹಾಕಿದರು. ಐದು ದಿನ ಅವಳು ಎದುರು ಮಾತಾಡದೆ, ಸಾರಿಗೆ ಇಂಗು ಹಾಕು ಅಂದರೆ ಹಾಕಿ, ಬೇಡ ಅಂದರೆ ಬಿಟ್ಟು, ಹಲ್ಲು ಕಚ್ಚಿಕೊಂಡು ಕಳೆದಳು. ಶನಿವಾರ ಬೆಳಿಗ್ಗೆ ಆ ಅತ್ತೆ ಸಾರ್ ಮನೆಗೆ ಫೋನ್ ಮಾಡಿ, ಬರೋ ವಾರಾನೂ ನಮ್ಮ ಸೊಸೆಗೆ ಅದೇ ಪಾಠ ಮಾಡ್ತೀರಾ ಅಂತ ಕೇಳಿದರಂತೆ.

ಇಂಥ ಕಡೆಗೆ ನಾನು ಯಾಕೆ ಹೋದೆ? ನಮ್ಮಮ್ಮ ಸೇರಿಸಿದಳು ಅನ್ನುವುದು ಸುಲಭದ ಉತ್ತರ. ನಿಜ ಏನೆಂದರೆ, ರಾಜಾಜಿನಗರದ ಒಂದು ಆಸ್ಪತ್ರೆಯ ವಿಚಾರಣೆ ಕೌಂಟರಿನ ಕೆಲಸಕ್ಕೆ ಇಂಟರ್‌ವ್ಯೂಗೆ ಹೋಗಿ ನಾನು ಬಿದ್ದು ಬಂದಿದ್ದೆ. ನನಗೊಂದು ಕಾಯಿಲೆ ಇದೆ. ಭಯವಾದರೆ ಎದುರಿಗಿರುವವರ ಧ್ವನಿ ನನ್ನ ಬಾಯಿಗೆ ಬಂದುಬಿಡುತ್ತದೆ. ಆ ಅಧಿಕಾರಿ ಮೂಗಿನಲ್ಲಿ ಪ್ರಶ್ನೆ ಕೇಳಿದರು, ನಾನು ಮೂಗಿನಲ್ಲಿ ಉತ್ತರ ಕೊಟ್ಟೆ. ಹೊರಗೆ ಕಳಿಸಿದರು. ಮಿಮಿಕ್ರಿ ನನಗೆ ಕಲೆಯಾಗುವ ಮೊದಲು ಹೆದರಿಕೆಯಾಗಿತ್ತು. ಬಸವೇಶ್ವರನಗರದ ಗೆಳೆಯ ಲೋಕಿ ಆರ್ಕೆಸ್ಟ್ರಾ ನಡೆಸುತ್ತಿದ್ದ. ಗಣೇಶನ ಪೆಂಡಾಲು, ನವೆಂಬರಿನ ಕಾರ್ಯಕ್ರಮ ಅಂತ ಕರೆದುಕೊಂಡು ಹೋಗಿ ಅವನೇ ಅದನ್ನು ಕಲೆ ಮಾಡಿಸಿದ. ಸಿನಿಮಾ ನಟರು, ರಾಜಕಾರಣಿಗಳು, ಲೋಕಿಯ ಮಾವ, ಎಲ್ಲರನ್ನೂ ಮಾಡುತ್ತಿದ್ದೆ. ಯಾರೂ ಎದುರಿಗಿರುತ್ತಿರಲಿಲ್ಲ ಅನ್ನುವುದೇ ನನ್ನ ಧೈರ್ಯ.

ಸಾರ್ ಮೆಟ್ಟಿಲ ಮೇಲೆ ಕೂತಿದ್ದ ಮಾರನೆಯ ದಿನ ಅಬೈಡ್ ಬೈ ಅಭ್ಯಾಸ ಕೊಟ್ಟರು. ಬೇಕೆಂದೇ ಕೊಟ್ಟರು ಅಂತ ನನ್ನ ಅನುಮಾನ. ತರಗತಿಯೆಲ್ಲ ನನ್ನ ಕಡೆ ನೋಡುತ್ತಿತ್ತು. ನನಗೆ ಜಂಬ. ಒಳ್ಳೆಯ ಹುಡುಗನ ಮುಖ ಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆದೆ: ‘ನಾನು ಒಂದು ನಿಯಮಕ್ಕೆ ಬದ್ಧನಾಗಿರುತ್ತೇನೆ. ಎದುರಿಗೆ ಇಲ್ಲದವರ ಅಣಕು ಮಾಡುವುದಿಲ್ಲ.’ ಜೋರಾಗಿ ಓದಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಸಾರ್ ಪುಸ್ತಕ ತೆಗೆದು ಬರೆದುಕೊಂಡರು. ತಾರೀಖು ಹಾಕಿದರು. ಪೆನ್ನು ನನ್ನ ಕಡೆ ತಿರುಗಿಸಿದರು.

“ಸಾರ್, ಉದಾಹರಣೆಗೆ ಬರ್ದಿದ್ದು ಸಾರ್ ಇದು.”

“ನೋಡಪ್ಪ. ಬರ್ದಿದ್ದು ಯಾರು?”

“ನಾನೇ.”

“ಮತ್ತೆ?”

ಈ ‘ಮತ್ತೆ’ ಇದೆಯಲ್ಲ, ಅದರ ಮುಂದೆ ವಕೀಲರೂ ನಿಲ್ಲಲಾರರು. ಕನ್ನಡದಲ್ಲಾಗಿದ್ದರೆ ನಾನು ಸತ್ತರೂ ಹಾಗೆ ಬರೆಯುತ್ತಿರಲಿಲ್ಲ. ಇಂಗ್ಲಿಷ್ ತಾನೆ, ನಮ್ಮದಲ್ಲದ ಬಾಯಲ್ಲಿ ಏನು ಹೇಳಿದರೆ ಏನು ಅಂದುಕೊಂಡಿದ್ದೆ. ಸಹಿ ಹಾಕಿದೆ. ಸವಿತಕ್ಕ ಸಾಕ್ಷಿ ಅಂತ ತಾನೂ ಒಂದು ಸಹಿ ಜಡಿದಳು. ಅತ್ತೆಯ ವಾರದ ಸೇಡು ಅವಳಿಗೆ ಯಾರ ಮೇಲಾದರೂ ತೀರಿಸಿಕೊಳ್ಳಬೇಕಿತ್ತು.

ಆ ಶನಿವಾರವೇ ರಾಜಾಜಿನಗರದಲ್ಲಿ ಕಾರ್ಯಕ್ರಮ. ಲೋಕಿಗೆ ವಿಷಯ ಹೇಳಿದರೆ, “ಮಗಾ, ನಿಮ್ಮ ಮೇಷ್ಟ್ರು ಅಲ್ಲಿ ವಿಜಯನಗರದಲ್ಲಿ ಮುದ್ದೆ ಉಣ್ತಿರ್ತಾರೆ ಕಣೋ, ಅವ್ರಿಗೇನ್ ಗೊತ್ತಾಗುತ್ತೆ,” ಅಂದ. ನನಗೂ ಸರಿ ಅನಿಸಿತು. ಇಬ್ಬರು ನಟರು, ಒಬ್ಬ ಮಂತ್ರಿ ಮಾಡಿದೆ. ಸೋಮವಾರ ಸಾರ್ ಕೇಳಿದರು, ಕಾರ್ಯಕ್ರಮದಲ್ಲಿ ಎದುರಿಗಿಲ್ಲದವರನ್ನು ಮಾಡಿದೆಯಾ ಅಂತ. ಇಲ್ಲ ಸಾರ್, ಬರೀ ಹಾಸ್ಯ ಹೇಳಿದೆ ಅಂದೆ. “ಸರಿ,” ಅಂದರು. ಅಷ್ಟೆ. ಅನುಮಾನದ ಒಂದು ನೋಟ ಇಲ್ಲ, ಹುಬ್ಬು ಮೇಲೇರಲಿಲ್ಲ. ನಂಬಿಬಿಟ್ಟರು.

ಅನುಮಾನ ಪಟ್ಟಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ನಂಬಿದವರನ್ನು ಏನು ಮಾಡುವುದು? ಎರಡು ದಿನ ಊಟ ಸೇರಲಿಲ್ಲ. ಬುಧವಾರ ಹೋಗಿ, ಸಾರ್, ಮಾಡಿದ್ದೆ ಅಂದೆ. ಅವರು ಬೈಯಲಿಲ್ಲ. ಪುಸ್ತಕ ತೆಗೆದು ಹಳೆಯ ತಾರೀಖು ಹೊಡೆದು ಹೊಸದು ಹಾಕಿದರು, ಇವತ್ತಿಂದ ಮತ್ತೆ ಶುರು ಅಂದರು. ಸಿನಿಮಾದವರಿಗಾದರೂ ಬಿಡಿ ಸಾರ್, ಅವರು ಊರಿಗೆಲ್ಲ ಸೇರಿದವರು ಅಂತ ಅಂಗಲಾಚಿದೆ. “ನೀನು ಬರ್ದಿದ್ರಲ್ಲಿ ಸಿನಿಮಾದವ್ರಿಗೆ ರಿಯಾಯ್ತಿ ಎಲ್ಲಪ್ಪ ಇದೆ?” ಅಂತ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ನಾನು ಹುಡುಕಲಿ ಎಂದು ಕಾದರು.

ನನಗೆ ರೇಗಿತು. ನನ್ನನ್ನು ಕಟ್ಟಿಹಾಕಿದ್ದಾಯಿತಲ್ಲ, ನೀವೇನು ಬರೆಯುತ್ತೀರಿ ಅಂತ ಕೇಳಿದೆ. ಉತ್ತರ ಬರುತ್ತದೆ ಅಂತ ಕೇಳಿದ್ದಲ್ಲ, ಸಿಟ್ಟಿಗೆ ಕೇಳಿದ್ದು. ಸಾರ್ ವಾಚು ನೋಡಿದರು, ಯೋಚಿಸಿದರು, ಕೇಳಿದ್ದು ನ್ಯಾಯ ಅಂದರು. ನನ್ನ ವಾಕ್ಯದ ಕೆಳಗೆ ಬರೆದರು: ‘ಹರೀಶನಿಗೆ ನನ್ನ ಅಣಕು ಮಾಡಬೇಕೆನಿಸಿದಾಗಲೆಲ್ಲ ನಾನು ಹಾಜರಿರುತ್ತೇನೆ.’ ತಾರೀಖು, ಸಹಿ. ಸವಿತಕ್ಕನನ್ನು ಕರೆದು ಸಾಕ್ಷಿಯನ್ನೂ ಹಾಕಿಸಿದರು.

ಆಮೇಲಿನ ಮೂರು ವರ್ಷ ನಾನು ಪಟ್ಟ ಪಾಡು ನನಗೇ ಗೊತ್ತು. ಪುಟ್ಟರಾಜಣ್ಣನನ್ನು ಮಾಡಬೇಕಾದರೆ ಮಿಲ್ಲಿಗೇ ಹೋಗಿ, ಹಿಟ್ಟಿನಲ್ಲಿ ಮುಳುಗಿದ ಆ ದೊಡ್ಡ ಮೀಸೆಯ ಎದುರು ನಿಂತು ಮಾಡಬೇಕು. ಮೊದಲ ಸಲ ಅವರು ಮಿಲ್ ನಿಲ್ಲಿಸಿ ಪೂರ್ತಿ ನೋಡಿ, “ನಾನು ಹಿಂಗಾ ಕೆಮ್ಮೋದು?” ಅಂತ ಕೇಳಿ, ಮಾರನೆಯ ದಿನವೇ ಡಾಕ್ಟರ ಹತ್ತಿರ ಹೋದರು. ಲೋಕಿಯ ಆರ್ಕೆಸ್ಟ್ರಾದಲ್ಲಿ ನನ್ನ ಹತ್ತು ಧ್ವನಿಗಳೂ ಹೋದವು. ಇನ್ನೇನು ಕೈಬಿಡುತ್ತಾನೆ ಅನ್ನುವಾಗ, ಸಭಿಕರಲ್ಲೇ ಒಬ್ಬರನ್ನು ವೇದಿಕೆಗೆ ಕರೆದು ಅವರೆದುರೇ ಅವರನ್ನು ಮಾಡುತ್ತೇನೆ ಅಂದೆ. ವಿಧಿಯಿಲ್ಲದೆ ಹುಟ್ಟಿದ ಐಡಿಯಾ ಅದು. ಜನ ಮುಗಿಬಿದ್ದರು. ‘ನಮ್ಮನ್ನ ಮಾಡಿ, ನಮ್ಮನ್ನ ಮಾಡಿ’ ಅಂತ ಕೈ ಎತ್ತುತ್ತಿದ್ದರು. ಇದಕ್ಕೆ ಸಾರ್‌ಗೆ ಋಣಿ ಅಂತ ಒಂದು ಸಾಲು ಬರೆಯಬಹುದು, ಬರೆಯುವುದಿಲ್ಲ. ಅವರಿಗೆ ಆ ಉದ್ದೇಶವೇ ಇರಲಿಲ್ಲ. ಆಸ್ಪತ್ರೆಯ ಕೆಲಸವೂ ಎರಡನೇ ಸಲಕ್ಕೆ ಸಿಕ್ಕಿತು. ಅದೇ ಅಧಿಕಾರಿ, ಅದೇ ಭಯ, ನನ್ನ ಬಾಯಿಗೆ ಅದೇ ಮೂಗಿನ ಧ್ವನಿ. ಎದುರಿಗೇ ಇದ್ದಾರಲ್ಲ, ನಿಯಮ ಮುರಿದಂತಾಗಲಿಲ್ಲ ಅಂತ ಧೈರ್ಯವಾಗಿ ಮುಂದುವರಿಸಿದೆ. ಅವರು ನಕ್ಕುಬಿಟ್ಟರು.

ಆದರೆ ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು ಅಬೈಡಪ್ಪನಿಗೆ. ನಾನು ಫೋನ್ ಮಾಡಿ, ಸಾರ್, ಭಾನುವಾರ ಲಗ್ಗೆರೆ ಅಂದರೆ, ಎಷ್ಟು ಗಂಟೆ ಅಂತ ಮಾತ್ರ ಕೇಳುತ್ತಿದ್ದರು. ಇಸ್ತ್ರಿ ಮಾಡಿದ ತುಂಬುತೋಳಿನ ಬಿಳಿ ಅಂಗಿ ಹಾಕಿಕೊಂಡು, ಕೈಚೀಲ ಹಿಡಿದು, ಬಸ್ಸಿನಲ್ಲೋ ಮೆಟ್ರೋದಲ್ಲೋ ಬಂದು ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದರು. ಕರೆದಾಗ ವೇದಿಕೆ ಹತ್ತಿ, ಧ್ವಜವಂದನೆಗೆ ನಿಂತಂತೆ ನಿಲ್ಲುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಅವರ ವಾಚು, ಅವರ ಕ್ಯಾಪು, ಅವರ ‘ನೋಡಪ್ಪ’ ಎಲ್ಲ ಮಾಡುತ್ತಿದ್ದೆ. ಜನ ಕುರ್ಚಿಯಿಂದ ಬೀಳುತ್ತಿದ್ದರು. ಅವರು ಒಂದು ಸಲವೂ ನಗಲಿಲ್ಲ. ಇಳಿದ ಮೇಲೆ ವರದಿ ಒಪ್ಪಿಸುತ್ತಿದ್ದರು: “ನಾನು ಮಾತಿಗೆ ಒಂದ್ಸಲ ಅಂತೀನಿ ನೋಡಪ್ಪ ಅಂತ. ನೀನು ಎರಡೆರಡು ಸಲ ಅಂದೆ. ಜನ ನಕ್ರು ಅಂತ ಜಾಸ್ತಿ ಮಾಡ್ಬಾರ್ದು.”

ಮೂರನೆಯ ವರ್ಷ ತರಗತಿ ಟೆರೇಸಿನಿಂದ ಕೆಳಗಿನ ವರಾಂಡಕ್ಕೆ ಬಂತು. ಶೀಟು ಬಿಸಿಯಾಗುತ್ತೆ ಅಂದರು ಸಾರ್. ಡಿಸೆಂಬರಿನಲ್ಲಿ ಎಂಥ ಬಿಸಿ ಅಂತ ನನಗೆ ಹೊಳೆಯಲೂ ಇಲ್ಲ. ಊರಿನವರ ಕೆಮ್ಮು, ಕುಂಟು, ಉಸಿರು ಎಲ್ಲ ಕದಿಯುವವನಿಗೆ ಇದೊಂದು ಕಾಣಲಿಲ್ಲ.

ಅದೇ ತಿಂಗಳು ಕೆಂಗೇರಿ ಉಪನಗರದಲ್ಲಿ ಸಂಜೆ ಕಾರ್ಯಕ್ರಮ. ಸಾರ್ ಬಂದರು. ವೇದಿಕೆಗೆ ಆರು ಮೆಟ್ಟಿಲಿತ್ತು. ನಾಲ್ಕನೆಯದರಲ್ಲಿ ನಿಂತು ವಾಚು ನೋಡಿಕೊಂಡರು. ಜನ ಅದಕ್ಕೂ ನಕ್ಕರು, ನಾನೂ ನಕ್ಕೆ. ಮೇಲೆ ಬಂದವರು ಎಂದಿನಂತೆ ನೆಟ್ಟಗೆ ನಿಲ್ಲದೆ ಮೈಕಿನ ಕಂಬ ಹಿಡಿದು ನಿಂತಾಗ ಪಕ್ಕದಲ್ಲಿದ್ದ ನನಗೆ ಅವರ ಉಸಿರು ಕೇಳಿಸಿತು. ಮೈಕಿಗಿಂತ ಜೋರಾಗಿ ಕೇಳಿಸಿತು. ಏನೋ ಮಾಡಿ ಬೇಗ ಮುಗಿಸಿ ಕೈ ಹಿಡಿದು ಇಳಿಸಿದೆ.

“ಎರಡು ನಿಮಿಷ ಕಮ್ಮಿ ಮಾಡ್ದೆ ಇವತ್ತು,” ಅಂದರು.

ಮಾರನೆಯ ಬೆಳಿಗ್ಗೆ ಜಯಮ್ಮ ಆಂಟಿಯ ಫೋನು. ಸಾರ್ ಹೆಂಡತಿ. ಮೂರು ವರ್ಷದಲ್ಲಿ ಕಾಫಿ ತಗೊಳ್ಳಪ್ಪ ಅನ್ನುವುದಕ್ಕಿಂತ ಹೆಚ್ಚು ಮಾತಾಡಿದವರಲ್ಲ. “ಹರೀಶ, ನಿಂಗೇನಾದ್ರೂ ಬುದ್ಧಿ ಇದ್ಯಾ? ಹಾರ್ಟಿಂದು ಅಂತ ಡಾಕ್ಟ್ರು ಮೆಟ್ಲೇ ಹತ್ತಬೇಡಿ ಅಂದಿದಾರೆ. ನಾನು ಬೇಡ ಅಂದ್ರೆ, ಹುಡುಗನಿಗೆ ಬರ್ಕೊಟ್ಟಿದೀನಿ ಅಂತಾರೆ. ಅದೆಂಥ ಸುಡುಗಾಡು ಬರ್ಕೊಟ್ಟಿದಾರಪ್ಪ ನಿಂಗೆ?”

ಡ್ಯೂಟಿ ಮುಗಿಸಿ ಸೀದಾ ಅಲ್ಲಿಗೇ ಹೋದೆ. ಸಾರ್ ವರಾಂಡದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಇನ್ನು ಮೇಲೆ ನೀವು ಬರಬೇಡಿ, ಆ ಮಾತಿನಿಂದ ನಿಮ್ಮನ್ನು ಬಿಟ್ಟಿದ್ದೇನೆ ಅಂದೆ. ಅವರು ಎದ್ದು ಪುಸ್ತಕ ತಂದರು. ಆ ಪುಟ ತೆಗೆದರು. ನನ್ನ ವಾಕ್ಯ, ಅದರ ಕೆಳಗೆ ಅವರ ವಾಕ್ಯ.

“ಒಟ್ಟಿಗೆ ಬರ್ದಿದ್ದು,” ಅಂದರು. “ಒಟ್ಟಿಗೇ ಹೊಡೆದ್ಬಿಡು. ನನ್ನದೂ ಹೋಯ್ತು, ನಿನ್ನದೂ ಹೋಯ್ತು. ಇಬ್ಬರೂ ಆರಾಮ.” ಪೆನ್ನಿನ ಕ್ಯಾಪನ್ನು ಹಲ್ಲಲ್ಲಿ ಕಚ್ಚಿಕೊಂಡು ಪೆನ್ನು ಚಾಚಿದರು.

ಈಗ ಒಂದು ವಿಷಯ ಹೇಳಬೇಕು. ಮುಂದಿನ ವಾರ ಒಂದು ಟಿವಿ ಚಾನೆಲ್ಲಿನ ಹಾಸ್ಯ ಕಾರ್ಯಕ್ರಮಕ್ಕೆ ನನ್ನ ಆಯ್ಕೆ ಪರೀಕ್ಷೆ ಇತ್ತು. ಮೂರು ನಟರ ಧ್ವನಿ, ಒಬ್ಬ ರಾಜಕಾರಣಿಯ ಧ್ವನಿ ಕಡ್ಡಾಯ ಅಂದಿದ್ದರು. ಲೋಕಿ ಬೆಳಿಗ್ಗೆಯೂ ಫೋನ್ ಮಾಡಿ, ಮಗಾ, ಇದೊಂದ್ಸಲ ಕಣೋ, ಕಾಲಿಗೆ ಬೀಳ್ತೀನಿ ಅಂದಿದ್ದ. ಸಾರ್‌ಗೆ ಇದು ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೂರು ವರ್ಷ ಯಾವ ಗೆರೆಗಾಗಿ ಕಾದಿದ್ದೆನೋ ಅದನ್ನು ಎಳೆಯುವ ಪೆನ್ನು ನನ್ನ ಕೈಯಲ್ಲಿತ್ತು. ಎಳೆಯದಿದ್ದರೆ ಈ ಮುದುಕ ಮುಂದಿನ ಭಾನುವಾರವೂ ಯಾವುದೋ ವೇದಿಕೆ ಹತ್ತುತ್ತಾರೆ.

ಅವರ ವಾಕ್ಯದ ಮೇಲೆ ಗೆರೆ ಎಳೆದೆ. ನನ್ನದರ ಹತ್ತಿರ ಪೆನ್ನು ಹೋಯಿತು, ನಿಂತಿತು. ಯಾವ ಉದಾತ್ತ ಯೋಚನೆಯೂ ನನಗೆ ಬರಲಿಲ್ಲ, ನಂಬಿ. ಬಂದಿದ್ದು ಸಿಟ್ಟು. ಇವರು ಪ್ರಾಣದ ಮೇಲೆ ಬಂದರೂ ಎರಡು ನಿಮಿಷ ಕಮ್ಮಿ ಮಾಡ್ದೆ ಅನ್ನುತ್ತಾರೆ, ನಾನು ಒಂದು ಟಿವಿ ಕಾರ್ಯಕ್ರಮಕ್ಕೆ ಗೆರೆ ಎಳೆದು ಇವರೆದುರು ಚಿಕ್ಕವನಾಗಬೇಕೆ, ಆಗುವುದಿಲ್ಲ ಹೋಗಿ ಅನ್ನುವ ಸಿಟ್ಟು. ಪುಸ್ತಕ ಮುಚ್ಚಿ ಕೊಟ್ಟೆ.

ಸಾರ್ ಮತ್ತೆ ತೆರೆದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವರೆಕಾಯಿಯ ಮೊರವನ್ನು ನನ್ನ ಕಡೆಗೂ ಸ್ವಲ್ಪ ಸರಿಸಿದರು. ಇಬ್ಬರೂ ಬಿಡಿಸಿದೆವು.

ಹೊರಡುವಾಗ ಗೇಟಿನವರೆಗೆ ಬಂದು ಹೇಳಿದರು: “ನೋಡಪ್ಪ. ನಾನಿನ್ನು ಬರಲ್ಲ. ನಿಂಗೆ ಬೇಕಾದಾಗ ನೀನೇ ಬಾ. ನಾನು ಇಲ್ಲೇ ಇರ್ತೀನಿ.”

ಬರೆದುಕೊಡಿ ಅಂತ ಕೇಳಬೇಕಿತ್ತು. ಜೀವಮಾನದಲ್ಲಿ ಅವರು ಬರೆಯದೆ, ತಾರೀಖು ಹಾಕದೆ, ಸಾಕ್ಷಿಯಿಲ್ಲದೆ ಕೊಟ್ಟ ಮಾತು ಅದೊಂದೇ. ಅದೇ ಅವರ ಕೊನೆಯ ಭೇಟಿ.

ಟಿವಿಯವರ ಎದುರು ನಾನು ಎದುರಿಗಿರುವವರನ್ನು ಮಾತ್ರ ಮಾಡುತ್ತೇನೆ ಅಂತ ಹೇಳಿ, ಆಯ್ಕೆ ಮಾಡಲು ಕೂತಿದ್ದ ಮೂವರನ್ನೂ ಮಾಡಿ ತೋರಿಸಿದೆ. ಇಬ್ಬರು ನಕ್ಕರು, ಮೂರನೆಯವರು ನಗಲಿಲ್ಲ. ಫೋನ್ ಮಾಡ್ತೀವಿ ಅಂದರು. ಈಗಲೂ ಕಾಯುತ್ತಿದ್ದೇನೆ. ಲೋಕಿ ಒಂದು ತಿಂಗಳು ಮಾತು ಬಿಟ್ಟಿದ್ದ.

ಮೂರು ವಾರದ ಮೇಲೆ, ಬೆಳಿಗ್ಗೆ ಪೇಪರು ತೆಗೆದುಕೊಳ್ಳಲು ಗೇಟಿಗೆ ಬಂದ ಸಾರ್ ಅಲ್ಲೇ ಕುಸಿದರಂತೆ. ಮಿಲ್ಲಿನ ಪುಟ್ಟರಾಜಣ್ಣ ಓಡಿಬಂದು ಎತ್ತಿಕೊಂಡು ಹೋದರೂ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು.

ಶಿವಗಣಾರಾಧನೆಯ ದಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಹಳೆಯ ವಿದ್ಯಾರ್ಥಿಗಳೆಲ್ಲ ಬಂದಿದ್ದರು. ಊಟವಾದ ಮೇಲೆ ಕೆಲವರು ನನ್ನ ಸುತ್ತ ಸೇರಿದರು. ಹರೀಶ, ಸಾರ್ ಥರ ಒಂದೇ ಒಂದು ಮಾತು ಅಂದರು. ನಾನು ತಲೆಯಾಡಿಸಿದೆ. ಸವಿತಕ್ಕ, “ಬಿಡ್ರೋ ಅವನನ್ನ, ಸಾಕ್ಷಿ ನಾನಿದೀನಿ,” ಅಂತ ಅವರನ್ನು ಕೈ ತೊಳೆಯಲು ಅಟ್ಟಿದಳು.

ಸಂಜೆ ನೆಂಟರೆಲ್ಲ ಕರಗಿದ ಮೇಲೆ ಜಯಮ್ಮ ಆಂಟಿ ನನ್ನನ್ನು ಮೇಲಿನ ಶೀಟ್ ರೂಮಿಗೆ ಕರೆದರು. ಬಾಡಿಗೆ ತಂದಿದ್ದ ಕುರ್ಚಿಗಳನ್ನು ಅಲ್ಲಿ ಪೇರಿಸಿದ್ದರು, ಕೆಳಗಿಳಿಸಬೇಕಿತ್ತು. ಒಂದೆರಡು ಎತ್ತುವಷ್ಟರಲ್ಲಿ, ಇರಲಿ ಕೂತ್ಕೋ ಅಂದರು. ತಾವೂ ಒಂದು ಕುರ್ಚಿಯಲ್ಲಿ ಕೂತರು. ಬೋರ್ಡಿನ ಮೇಲೆ ತರಗತಿ ಕೆಳಗಿಳಿಯುವ ಮುಂಚಿನ ಪಾಠ ಅರ್ಧ ಅಳಿಸಿ ಹಾಗೇ ಇತ್ತು.

“ಹರೀಶ, ಒಂದ್ಸಲ ಅವರ ಥರ ಮಾತಾಡಪ್ಪ,” ಅಂದರು. “ಮನೇಲಿ ಸದ್ದೇ ಇಲ್ಲ.”

ಇಡೀ ಕರ್ನಾಟಕ ಕೇಳಿದ್ದರೂ ಆಗಲ್ಲ ಅನ್ನಬಹುದಿತ್ತು. ಈ ಹೆಂಗಸಿಗೆ ಏನನ್ನುವುದು? ಧ್ವನಿ ಗಂಟಲಲ್ಲೇ ಇತ್ತು. ಮೂರು ವರ್ಷ ಪ್ರತಿ ಭಾನುವಾರ ಪಳಗಿಸಿದ್ದು, ಬಾಯಿ ತೆರೆದರೆ ಸಾಕು, ತಾನೇ ಬರುತ್ತಿತ್ತು. ಕೆಳಗೆ ಪುಸ್ತಕದಲ್ಲಿ ನಾನೇ ಹೊಡೆಯದೆ ಬಿಟ್ಟ ವಾಕ್ಯವೂ ಇತ್ತು. ಸತ್ತ ಮೇಲೂ ಈ ಮನುಷ್ಯ ನನ್ನನ್ನು ನೆಮ್ಮದಿಯಾಗಿರಲು ಬಿಡುವುದಿಲ್ಲವಲ್ಲ ಅಂತ ಅಳುವೇ ಬಂತು.

“ಆಂಟಿ, ಎದುರಿಗಿಲ್ದೋರನ್ನ ಮಾಡಲ್ಲ ಅಂತ ಬರ್ಕೊಟ್ಟಿದೀನಿ. ಉದಾಹರಣೆಗೆ ಬರ್ದಿದ್ದು, ಆದ್ರೆ…”

ಆಂಟಿ ನನ್ನನ್ನೇ ನೋಡಿದರು. ಸಿಟ್ಟು ಬಂದಿದೆ ಅಂದುಕೊಂಡೆ. ಅವರ ಕೈ ನಿಧಾನಕ್ಕೆ ಮೇಲೆದ್ದಿತು. ಬಳೆಗಳಿಲ್ಲದ ಬರೀ ಮಣಿಕಟ್ಟನ್ನು ಒಳಮುಖ ತಿರುಗಿಸಿ ನೋಡಿಕೊಂಡರು.

“ನೋಡಪ್ಪ,” ಅಂದರು. ಒಂದು ಸಣ್ಣ ಉಸಿರು ಒಳಗೆಳೆದುಕೊಂಡರು. “ಬರ್ದಿದ್ದು ಯಾರು?”

ಆ ಉಸಿರು ನಾನು ಯಾವ ವೇದಿಕೆಯಲ್ಲೂ ಮಾಡಿರಲಿಲ್ಲ. ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ. ಮೂರು ವರ್ಷ ಪಕ್ಕದಲ್ಲೇ ನಿಂತು ಮಾಡಿದ್ದೆಲ್ಲ ಒಂದು ಉಸಿರಿನಷ್ಟು ತಪ್ಪಾಗಿತ್ತು.

“ನಾನೇ,” ಅಂದೆ.

“ಮತ್ತೆ?” ಅಂದರು ಆಂಟಿ, ಅದೇ ಧ್ವನಿಯಲ್ಲಿ.

ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಆರೂವರೆಗೆ ಇನ್ನೂ ಹತ್ತು ನಿಮಿಷವಿತ್ತು. ಚಿಲಕ ಹಾಕಿರಲಿಲ್ಲ.